ನಾಲ್ಕನೇ ಕಡೆ ಬರದ ಗ್ರೀಸ್

ಮನೆಯಿಂದ,
ಹದಿನಾರನೇ ತಾರೀಕು, ಮಂಗಳವಾರ ಮಧ್ಯಾಹ್ನ

ಮಗನೇ,

ನೀನು, ಸೊಸೆ, ನಿಮ್ಮ ಪುಟ್ಟ ಕೂಸು ಮೂವರೂ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ಅವಸರ ಮಾಡಿಕೊಂಡು ತಿಂಗಳು ತುಂಬುವ ಮೊದಲೇ ಬಂದ ಮಗು, ಈಗ ದಿನಾ ಸ್ವಲ್ಪ ಸ್ವಲ್ಪ ತೂಕ ಏರುತ್ತಿದೆಯಂತೆ. ಕೇಳಿ ಜೀವಕ್ಕೆ ಸಮಾಧಾನವಾಯಿತು. ಅವಸರ ನಮ್ಮ ಮನೆತನದ್ದೇ, ಅದಕ್ಕೆ ಸೊಸೆಯನ್ನು ದೂರಬೇಡ. ಡಾಕ್ಟರು ಕಳಿಸುವವರೆಗೂ ಆಸ್ಪತ್ರೆಯಲ್ಲೇ ಇರಿ, ಇಲ್ಲಿಯ ಚಿಂತೆ ಬೇಡ. ನೀನು ಹೊರಗಿನ ಬೆಂಚಿನ ಮೇಲೆ ಮುದುಡಿಕೊಂಡು ಮಲಗುತ್ತಿದ್ದೀಯಂತೆ. ಲಾರಿಯಲ್ಲಿ ಮಲಗಿ ಅಭ್ಯಾಸವಿದೆ ಅಂತ ದೊಡ್ಡ ಮಾತಾಡಬೇಡ, ಒಂದು ದಿಂಬಾದರೂ ತಗೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಮ್ಮನ ಮಂಡಿ ಮೊದಲಿನ ಹಾಗೇ ಇದೆ, ಬಾಯಿ ಮಾತ್ರ ಸುಧಾರಿಸಿದೆ. ನನ್ನ ವಿಷಯ ಮುಂದೆ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ನಮ್ಮ ಲಾರಿ ಹೊರಡಲಿಲ್ಲ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಶಾಫ್ಟಿನಲ್ಲಿ ಸ್ವಲ್ಪ ಕೆಲಸ ಬಂತು ಅಂದಳಂತೆ. ಅಪ್ಪನಿಗೆ ಕೊಡು ಅಂತ ನೀನು ಅಂದರೆ ಸ್ನಾನಕ್ಕೆ ಹೋಗಿದ್ದಾರೆ ಅಂದಳಂತೆ. ನಾನು ಅವಳ ಎದುರಿಗೇ ಕುರ್ಚಿಯಲ್ಲಿ ಕೂತಿದ್ದೆ. ಅಷ್ಟೇ ಹೇಳು, ಮಿಕ್ಕಿದ್ದನ್ನು ನಾನೇ ಬರೆಯುತ್ತೇನೆ ಅಂತ ಅವಳಿಗೆ ಹೇಳಿದ್ದವನೂ ನಾನೇ. ನೀನು ಹೋಗುವಾಗ ಆ ಗುಂಗುರು ಕೂದಲಿನ ಡ್ರೈವರನ ಕೈಗೆ ಗಾಡಿ ಒಪ್ಪಿಸಿ, ಅಪ್ಪ ಒಂದ್ಸಲ ಓಡಿಸಿ ಕೇಳಿ ಸರಿ ಇದೆ ಅಂದ್ರೆ ಸಾಕು, ಕಣ್ಣು ಮುಚ್ಕೊಂಡು ಹೊರಡು ಅಂದಿದ್ದೆಯಲ್ಲ, ಆ ಮಾತಿಗಾಗಿಯೇ ಈ ಕಾಗದ. ಗುಂಗುರು ಆ ಮಾತನ್ನು ನಂಬಿಕೊಂಡು, ತುಂಬಿದ ಗಾಡಿಯನ್ನು ಗುಡ್ಡದ ದಾರಿಯಲ್ಲಿ ಏರಿಸಬೇಕಾಗಿತ್ತು. ಅವನಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ.

ಭಾನುವಾರ ಅಂಗಳದಲ್ಲೇ ಗ್ರೀಸ್ ಹೊಡೆಯಲು ಕೂತೆ. ಕೂತೆ ಎಂದೇನು, ಮಲಗಿದೆ. ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಹಳೇ ಗೋಣಿ ಹಾಸಿ ಒಳಗೆ ತೂರಿದೆ. ನಿಮ್ಮಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಟಾರ್ಚ್ ಹಿಡಿದಳು. ಇಷ್ಟು ಕಾಲ ಲಾರಿ ಎಂದರೆ ತನ್ನ ಸವತಿ ಅನ್ನುತ್ತಿದ್ದವಳು, ನೀನಿಲ್ಲದ ಬೇಸರಕ್ಕೋ ಏನೋ, ಮೊದಲ ಸಲ ಅದು ಏನು ಇದು ಏನು ಅಂತ ಕೇಳತೊಡಗಿದಳು. ನನಗೂ ಹುರುಪು ಬಂತು. ಗೇರ್ ಬಾಕ್ಸಿನ ತಿರುಗುವ ಬಲವನ್ನು ಹಿಂದಿನ ಗಾಲಿಗೆ ಮುಟ್ಟಿಸುವುದು ಈ ಉದ್ದನೆಯ ಶಾಫ್ಟ್. ಅದು ಬಾಗಿ ಬಳುಕಿ ತಿರುಗಲಿ ಅಂತ ಕೂಡುವ ಕಡೆಯಲ್ಲೆಲ್ಲ ಒಂದೊಂದು ಕ್ರಾಸ್, ಕ್ರಾಸಿಗೆ ನಾಲ್ಕು ಕೈ, ಕೈಗೊಂದು ಟೋಪಿ. ನಡುವಿನ ಮೂತಿಯಿಂದ ಗ್ರೀಸ್ ಒತ್ತಿದರೆ ಹಳೆಯ ಕಪ್ಪು ಗ್ರೀಸ್ ನಾಲ್ಕೂ ಟೋಪಿಗಳ ಅಂಚಿನಿಂದ ಹೊರಗೆ ಬಂದು, ಅದರ ಹಿಂದೆ ಹೊಸದು ಕಾಣಿಸಿಕೊಳ್ಳಬೇಕು. ಹೀಗೆಲ್ಲ ವಿವರಿಸಿದೆ. ಅವಳು, ಒಂದೇ ತಟ್ಟೆಯಿಂದ ನಾಲ್ಕು ಮಕ್ಕಳಿಗೆ ತುತ್ತು ಕೊಟ್ಟ ಹಾಗೆ, ಯಾವುದಾದ್ರೂ ಒಂದಕ್ಕೆ ಸಿಕ್ಕಿರೋಲ್ಲ ನೋಡ್ಕೊಳ್ಳಿ ಅಂದಳು.

ಹಾಗೇ ಆಗಿತ್ತು. ಹಿಂದಿನ ಕ್ರಾಸಿನಲ್ಲಿ ನಾಲ್ಕೂ ಕಡೆ ಬಂತು. ಮುಂದಿನದರಲ್ಲಿ ಮೂರು ಕಡೆ ಬಂತು, ನಾಲ್ಕನೇ ಕಡೆ ಬರಲಿಲ್ಲ. ಗ್ರೀಸ್ ಗನ್ನನ್ನು ಎಷ್ಟು ಒತ್ತಿದರೂ ಬಂದ ಕಡೆಯೇ ಬರುತ್ತಿತ್ತು. ಹೊರಗೆ ತೆವಳಿ ಬಂದು, ಕಲ್ಲು ತೆಗೆದು, ಕ್ರಾಸ್ ಸ್ವಲ್ಪ ತಿರುಗಲಿ ಅಂತ ಗಾಡಿಯನ್ನು ಗೇಣುದ್ದ ಮುಂದೆ ಬಿಟ್ಟು, ಮತ್ತೆ ಕಲ್ಲು ಕೊಟ್ಟು ಒಳಗೆ ಹೋಗಿ ಒತ್ತಿದೆ. ಇಲ್ಲ. ಆ ಟೋಪಿ ಬಿಚ್ಚಿ ನೋಡಬೇಕಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ನೋಡುತ್ತಿದ್ದರು. ಆದರೆ ನಿನ್ನ ಅಪ್ಪನಿಗೆ ಕಿವಿ ಇತ್ತಲ್ಲ. ಒಣಗಿದ ಕ್ರಾಸ್ ಸುಮ್ಮನಿರುವುದಿಲ್ಲ, ನಿಧಾನಕ್ಕೆ ಓಡಿಸಿದರೆ ಕಿಯ್ಯ್ ಕಿಯ್ಯ್ ಅನ್ನುತ್ತದೆ. ಒಂದು ಸುತ್ತು ಓಡಿಸುತ್ತೇನೆ, ಸದ್ದಿಲ್ಲದಿದ್ದರೆ ಒಳಗೆ ಗ್ರೀಸ್ ಹೋಗಿದೆ ಅಂತಲೇ ಲೆಕ್ಕ ಅಂದುಕೊಂಡೆ.

ಎರಡೂ ಕಿಟಕಿ ಇಳಿಸಿ, ಬೀದಿಯ ಕೊನೆವರೆಗೂ ಮೆಲ್ಲಗೆ ಹೋಗಿ ಬಂದೆ. ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಬೆಣ್ಣೆಯ ಹಾಗೆ ಬರುತ್ತಿದೆ ಅಂತ ಮೀಸೆ ತಿರುವಿಕೊಂಡು ಇಳಿದೆ. ಗೇಟಿನ ಹತ್ತಿರ ನಿಂತಿದ್ದ ನಿಮ್ಮಮ್ಮ, ಇನ್ನೂ ಕೂಗ್ತಾನೇ ಇದೆಯಲ್ಲ ರೀ ಅಂದಳು. ಟಾರ್ಚ್ ಹಿಡಿದ ಮಾತ್ರಕ್ಕೆ ಮೆಕ್ಯಾನಿಕ್ ಆಗಿಬಿಟ್ಟೆಯಾ ಅಂತ ರೇಗಿದೆ. ಅವಳೂ ಬಿಡಲಿಲ್ಲ. ಬೀದಿಯಲ್ಲೇ ನಿಂತು ಜಗಳವಾಡಿದೆವು. ಅಷ್ಟರಲ್ಲಿ ಪಕ್ಕದ ಮನೆಯ ಟೈಲರು ಕೊರಳಿಗೆ ಟೇಪು ಹಾಕಿಕೊಂಡೇ ಹೊರಗೆ ಬಂದು, ಯಜಮಾನ್ರೇ, ಅದಕ್ಕೆ ಸ್ವಲ್ಪ ಎಣ್ಣೆ ಬಿಡಿ, ನನ್ನ ಮೆಷಿನ್ನಿಗಿಂತ ಜೋರಾಗಿ ಕಿರುಚ್ತಿದೆ ಅಂದರು. ಅವರಿಗೆ ನಮ್ಮ ಜಗಳದ ಸುದ್ದಿ ಗೊತ್ತಿರಲಿಲ್ಲ.

ಮತ್ತೆ ಗಾಡಿ ಹತ್ತಿದೆ. ನಿಮ್ಮಮ್ಮನಿಗೆ ಪಕ್ಕದಲ್ಲಿ ನಡೆದು ಬಾ, ಸದ್ದು ಬಂದಾಗಲೆಲ್ಲ ಕೈ ಎತ್ತು ಅಂದೆ. ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ ಓಡಿಸಿದೆ. ಅವಳು ಮಂಡಿ ನೋವಿನಲ್ಲಿ ಕುಂಟುತ್ತಾ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಎತ್ತುತ್ತಿದ್ದಳು, ಇಳಿಸುತ್ತಿದ್ದಳು, ಎತ್ತುತ್ತಿದ್ದಳು. ಗಾಲಿ ಒಂದು ಸುತ್ತು ಬರುವುದರೊಳಗೆ ಕೈ ಎಷ್ಟೋ ಸಲ ಮೇಲೆ ಹೋಗುತ್ತಿತ್ತು. ನನಗೆ ಒಂದು ಸಲವೂ ಕೇಳಿಸಲಿಲ್ಲ. ಗಾಡಿ ನಿಲ್ಲಿಸಿ ಸ್ಟೇರಿಂಗ್ ಹಿಡಿದುಕೊಂಡೇ ಕೂತುಬಿಟ್ಟೆ. ಹೆದರಿಕೆಯಾಯಿತು ಮಗನೇ. ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಹೆದರಿಕೆ.

ಆಗ ಒಂದೊಂದೇ ಹೊಳೆಯತೊಡಗಿತು. ಎರಡು ವರ್ಷದಿಂದ ಗಾಡಿ ಪಳಗಿದೆ, ಹೊಸದಕ್ಕಿಂತ ಮೆತ್ತಗೆ ಓಡುತ್ತದೆ ಅಂತ ಕಂಡಕಂಡವರ ಮುಂದೆ ಹೊಗಳಿಕೊಂಡು ಬಂದೆನಲ್ಲ. ಬಚ್ಚಲಿನ ನಲ್ಲಿ ತಾನಾಗಿಯೇ ತೊಟ್ಟಿಕ್ಕುವುದನ್ನು ಬಿಟ್ಟಿದೆ ಅಂದುಕೊಂಡಿದ್ದೆ. ಬೆಳಿಗ್ಗೆ ತಂತಿ ಮೇಲೆ ಹಕ್ಕಿಗಳು ಕೂತಿರುತ್ತವೆ, ಕೊಕ್ಕು ತೆರೆಯುತ್ತವೆ, ಮುಚ್ಚುತ್ತವೆ. ಈಗಿನ ಹಕ್ಕಿಗಳು ಮಾತು ಕಡಿಮೆ ಅಂದುಕೊಂಡಿದ್ದೆ. ನಿಮ್ಮಮ್ಮನಿಗೂ ವಯಸ್ಸಾಗುತ್ತಾ ತಾಳ್ಮೆ ಬಂದಿದೆ, ಮೊದಲಿನ ಹಾಗೆ ಅಡುಗೆಮನೆಯಿಂದ ಕೂಗುವುದಿಲ್ಲ ಅಂತ ಒಳಗೊಳಗೇ ಸಂತೋಷಪಟ್ಟಿದ್ದೆ. ಅದನ್ನು ಅವಳಿಗೆ ಹೇಳಿದೆ. ಅವಳು ನಗಲಿಲ್ಲ. ಕೂಗಿ ಕೂಗಿ ಸಾಕಾಗಿ ಬಿಟ್ಟೆ, ಜಾಣ ಕಿವುಡು ಅಂದ್ಕೊಂಡಿದ್ದೆ, ಬೇಕಂತಲೇ ಮಾಡ್ತೀರಿ ಅಂತ ಎಷ್ಟೋ ದಿನ ಅತ್ತಿದೀನಿ ಅಂದಳು. ಮನೆ ಶಾಂತವಾಗಿದೆ ಅಂತ ನಾನು ಹಾಯಾಗಿ ಕೂತಿದ್ದಾಗ ಅವಳು ಒಳಗೆ ಅಳುತ್ತಿದ್ದಳು. ಈ ಮಾತು ನನ್ನನ್ನು ಇನ್ನೂ ಕೊರೆಯುತ್ತಿದೆ.

ಸಂಜೆ ಗುಂಗುರುವಿನ ಮನೆಗೆ ನಾನೇ ನಡೆದುಕೊಂಡು ಹೋದೆ. ಹಿಂದಿನ ದಿನವೇ ಗಾಡಿ ಸರಿಯಾಗಿದೆ ಅಂತ ಅವನಿಗೆ ಮಾತು ಕೊಟ್ಟಾಗಿತ್ತು, ಗ್ರೀಸ್ ಹೊಡೆಯುವ ಮೊದಲೇ. ಗಾಡಿ ನಾಳೆ ಹೊರಡುವುದಿಲ್ಲ, ನನಗೆ ಕೇಳಿಸುವುದಿಲ್ಲ ಅಂತ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಒಳಗೆ ಹೋಗಿ ಕೂತಿದ್ದರೆ ಸುತ್ತಿ ಬಳಸಿ ಬೇರೆ ಏನಾದರೂ ಹೇಳುತ್ತಿದ್ದೆನೇನೋ. ಅವನು ನೆಲ ನೋಡಿಕೊಂಡು ಏನೋ ಅಂದ. ಜೋರಾಗಿ ಹೇಳಪ್ಪಾ ಅಂದೆ. ಆಯ್ತು ಬಿಡಿ ಯಜಮಾನ್ರೇ, ಹೋಗೋದಕ್ಕೆ ಮುಂಚೆ ಹೇಳಿದ್ರಲ್ಲ ಅಂದ. ಒಳ್ಳೆಯ ಹುಡುಗ, ಅವನನ್ನು ಕೈಬಿಡಬೇಡ.

ನಿನ್ನೆ ಮೆಕ್ಯಾನಿಕ್ ಮನೆಗೇ ಬಂದು ಶಾಫ್ಟ್ ಇಳಿಸಿದ. ಆ ನಾಲ್ಕನೇ ಟೋಪಿ ತೆಗೆದರೆ ಒಳಗೆ ಸೂಜಿಯಂಥ ಕಡ್ಡಿಗಳಿರಬೇಕಾದ ಜಾಗದಲ್ಲಿ ಬರೀ ಕೆಂಪು ತುಕ್ಕಿನ ಪುಡಿ. ಅದನ್ನು ಅಂಗೈಗೆ ಸುರಿದುಕೊಂಡು ನೋಡಿದೆ. ಏರಿನಲ್ಲಿ ಅದು ಕಳಚಿಕೊಂಡಿದ್ದರೆ ಶಾಫ್ಟ್ ರಸ್ತೆಗೆ ಬೀಳುತ್ತಿತ್ತು, ತುಂಬಿದ ಗಾಡಿ ಹಿಂದಕ್ಕೆ ಜಾರುತ್ತಿತ್ತು. ಮೆಕ್ಯಾನಿಕ್ ಇದನ್ನೆಲ್ಲ ನನಗೆ ಹೇಳಬೇಕಾಗಿರಲಿಲ್ಲ. ಹೊಸ ಕ್ರಾಸ್ ಹಾಕಿದ. ನಾನು ಗ್ರೀಸ್ ಒತ್ತಿದೆ. ನಾಲ್ಕೂ ಕಡೆ ಬಂದದ್ದನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಆಮೇಲೆ ನಿಮ್ಮಮ್ಮನನ್ನು ಬೀದಿಯುದ್ದಕ್ಕೂ ನಡೆಸಿದೆ. ಅವಳು ಕೈ ಎತ್ತಲಿಲ್ಲ. ಇವತ್ತು ಬೆಳಿಗ್ಗೆ ಗುಂಗುರು ಹೊರಟ.

ಇನ್ನು ಮೇಲೆ, ಅಪ್ಪಾ ಒಂದ್ಸಲ ಕೇಳಿ ಹೇಳು ಅಂತ ನನ್ನನ್ನು ಗಾಡಿ ಹತ್ತಿಸಬೇಡ. ಹತ್ತಿಸಿದರೆ ನಾನು ಹತ್ತಿಬಿಡುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಸ್ಟೇರಿಂಗ್ ಬಿಟ್ಟ ಮೇಲೂ ಆ ಒಂದು ಮಾತಿನಿಂದಲೇ ನಾನೂ ಈ ಗಾಡಿಗೆ ಬೇಕಾದವನು ಅನ್ನಿಸುತ್ತಿತ್ತು. ಅದು ಹೋದದ್ದಕ್ಕೆ ದುಃಖವಿದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಗ್ರೀಸ್ ಹೊಡೆಯುವುದು ನನಗೇ ಇರಲಿ, ಅದಕ್ಕೆ ಕಣ್ಣು ಮತ್ತು ಕೈ ಸಾಕು. ಕೇಳುವ ಕೆಲಸಕ್ಕೆ ನಿಮ್ಮಮ್ಮ ತಯಾರಾಗಿದ್ದಾಳೆ. ಈಗ ಬೀದಿಯಲ್ಲಿ ಹೋಗುವ ಯಾವ ಗಾಡಿಯನ್ನೂ ಅವಳು ಸುಮ್ಮನೆ ಬಿಡುತ್ತಿಲ್ಲ, ಹಾಲಿನವನ ಸೈಕಲ್ಲಿಗೂ ಒಂದು ಕಾಯಿಲೆ ಕಂಡುಹಿಡಿದಿದ್ದಾಳೆ.

ಸೊಸೆಗೆ ನನ್ನ ಆಶೀರ್ವಾದ ತಿಳಿಸು. ಮಗುವಿನ ತಲೆಯ ಮೇಲೆ ನನ್ನ ಪರವಾಗಿ ಒಂದು ಸಲ ಕೈ ಇಡು, ಗಟ್ಟಿಯಾಗಿ ಬೇಡ. ನೀವು ಮೂವರೂ ಗಟ್ಟಿಮುಟ್ಟಾಗಿ ಮನೆ ಸೇರುವುದನ್ನೇ ಕಾಯುತ್ತಿರುವ,

ನಿನ್ನ ಅಪ್ಪ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಮೊನ್ನೆ ನೀನು ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದು, ಅಪ್ಪಾ ಕೇಳು, ಇವತ್ತು ಮೊದಲ ಸಲ ಜೋರಾಗಿ ಅಳ್ತಿದಾಳೆ ಅಂದೆಯಲ್ಲ, ಆಗ ನಾನು ಅಬ್ಬಾ ಎಂಥ ಗಂಟಲು ಅಂದೆ. ನನಗೆ ಏನೂ ಕೇಳಿಸಿರಲಿಲ್ಲ, ಫೋನಿನದೇ ದೋಷ ಅಂದುಕೊಂಡಿದ್ದೆ. ಪಕ್ಕದಲ್ಲಿ ಕಿವಿ ತಾಗಿಸಿಕೊಂಡಿದ್ದ ನಿಮ್ಮಮ್ಮನ ಮುಖ ನೋಡಿ ಹೇಳಿದ್ದು. ಶುಕ್ರವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಅವರು ಕಿವಿಗೆ ಏನು ಸಿಕ್ಕಿಸಿದರೂ ಸಿಕ್ಕಿಸಿಕೊಂಡು ಬರುತ್ತೇನೆ, ನಾಚಿಕೆ ಪಡುವುದಿಲ್ಲ. ಅದಾದ ಮೇಲೆ ಇನ್ನೊಂದು ಸಲ ಫೋನ್ ಮಾಡಿ ಅವಳನ್ನು ಅಳಿಸು. ಸ್ವಲ್ಪ ಚಿವುಟಿದರೂ ಪರವಾಗಿಲ್ಲ, ಸೊಸೆಗೆ ಹೇಳಬೇಡ.