ಶನಿವಾರವೋ ಭಾನುವಾರವೋ

ಡುಲುತ್, ಮಾರ್ಚ್ ೧೪

ಪ್ರೀತಿಯ ಆರ್ಲೆನ್,

ನಮ್ಮ ನೆಂಟರಿಷ್ಟರ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ ಉಸ್ತುವಾರಿ ನನಗೆ ಸಾಕುಸಾಕಾಗಿದೆ. ಸೀಸನ್ ಹತ್ತಿರ ಬಂದರೂ, ಮೈದಾನದಲ್ಲಿ ನಿಜವಾಗಿ ಆಡುವ ಆಟಗಾರರನ್ನು ನಮ್ಮ ನಮ್ಮ ಕಾಲ್ಪನಿಕ ತಂಡಗಳಿಗೆ ಹಂಚಿಕೊಳ್ಳುವ ದಿನ ಇನ್ನೂ ನಿಗದಿಯಾಗಿಲ್ಲ. ಉಳಿದ ನೆಂಟರೆಲ್ಲ ಯಾವತ್ತಾದರೂ ಸರಿ ಅನ್ನುತ್ತಾರೆ. ತಕರಾರು ನನ್ನ ತಮ್ಮಂದಿರಾದ ನಿಮ್ಮಿಬ್ಬರದೇ.

ನೀನು ಶನಿವಾರ ಅಂದೆ. ರಾಯ್ಸ್‌ಗೆ ತಿಳಿಸಿದರೆ, "ಅವ್ನು ಶನಿವಾರ ಅಂದ್ನಾ? ಹಾಗಾದ್ರೆ ನಂಗೆ ಭಾನುವಾರಾನೇ ಆಗ್ಬೇಕು ಅಕ್ಕಾ" ಅಂದ. ಅದನ್ನು ನಿನಗೆ ಹೇಳಿದರೆ, "ಲೀಗೇನು ಅವನಪ್ಪಂದಾ ಅಂತ ಕೇಳು ಆ ಮಹಾರಾಜನ್ನ" ಅಂದೆ. ಅವನಪ್ಪ ನಿನಗೂ ಅಪ್ಪನೇ ಕಣೋ!

ಅಪ್ಪ ತೀರಿಕೊಂಡ ಮೇಲೆ ಅವರ ದೋಣಿ ಮಾರುವ ವಿಷಯಕ್ಕೆ ಜಗಳವಾಡಿ ಇಬ್ಬರೂ ಮಾತು ಬಿಟ್ಟಿರಿ. ಅಂದಿನಿಂದ ಅವನ ಮಾತು ನಿನಗೆ, ನಿನ್ನ ಮಾತು ಅವನಿಗೆ ಮುಟ್ಟಿಸುವುದೇ ನನ್ನ ಕೆಲಸವಾಗಿದೆ. ಮೊನ್ನೆ, "ಅವನ ಮಂಡಿ ಆಪರೇಷನ್ ಏನಾಯ್ತು? ನಂಗೇನೂ ಆಗ್ಬೇಕಿಲ್ಲ, ಸುಮ್ನೆ ಕೇಳ್ದೆ" ಅಂದೆಯಲ್ಲ. ಅದನ್ನೂ ನನ್ನನ್ನೇ ಕೇಳಬೇಕೆ?

ಇವತ್ತಿನಿಂದ ನಾನು ಉಸ್ತುವಾರಿ ಬಿಟ್ಟಿದ್ದೇನೆ. ನನ್ನ ಜಾಗಕ್ಕೆ ನೀವಿಬ್ಬರೂ ಜೊತೆಯಾಗಿ ಬರಬೇಕೆಂದು ಉಳಿದವರೆಲ್ಲ ಒಪ್ಪಿದ್ದಾರೆ. ದಿನವನ್ನು ನೀವೇ ಮಾತಾಡಿ ಗೊತ್ತುಮಾಡಿ, ಶುಕ್ರವಾರದೊಳಗೆ ಎಲ್ಲರಿಗೂ ತಿಳಿಸಿ. ಆಗದಿದ್ದರೆ ಈ ವರ್ಷ ಲೀಗೇ ಇಲ್ಲ.

ನನಗೆ ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ. ಆರ್ಲೆನ್ ಫೋನ್ ಮಾಡಿದರೆ ಎತ್ತುತ್ತೀಯಾ ಎಂದು ನಿನ್ನೆ ರಾಯ್ಸ್‌ನನ್ನು ಕೇಳಿದೆ. "ಮಾಡ್ತಾನಾ ಅಕ್ಕಾ?" ಅಂದ.

ನಿನ್ನ ಅಕ್ಕ,
ಮಾರ್ಲಿಸ್