ಹೊಳೆಯಾಚೆಯ ಆಸ್ಪತ್ರೆ

ಅಲ್ ಥುಮಾಮಾ, ದೋಹಾ

ಅಕ್ಕಾ,
ನನ್ನನ್ನು ಒಪ್ಪಿಸಲು ಇವರು ತಂದ ಕಾರ್ಡ್ ಇದು. ಹಿಂಬದಿಯ ಚಿತ್ರ ನೋಡು, ಅಜರ್‌ಬೈಜಾನಿನ ಹಳ್ಳಿ. ಕಂಪೆನಿ ಇವರನ್ನು ಅಲ್ಲಿಗೆ ವರ್ಗ ಮಾಡಿದೆ. ನಾನೂ ಮಗುವೂ ಹೋಗಬೇಕಂತೆ. ಮೂರು ಕಡೆ ಬೆಟ್ಟ, ನಾಲ್ಕನೆಯ ಕಡೆ ಹೊಳೆ. ಸೇತುವೆ ಇಲ್ಲ, ಜೀಪು ನೀರಿಗಿಳಿದೇ ದಾಟಬೇಕು. ಹಿಮ ಕರಗುವಾಗ ಅದೂ ಆಗದು. ಆಸ್ಪತ್ರೆ ಆಚೆ ದಡದಲ್ಲಿ.

"ಗಾಳಿ ಎಷ್ಟು ಒಳ್ಳೇದುಂಟು ಮಾರಾಯ್ತಿ, ಮಗುವಿನ ದಮ್ಮು ತನ್ನಿಂದ ತಾನೇ ಹೋಗ್ತದೆ" ಅಂದರು.

"ದಮ್ಮು ಹೊಳೆಯ ಹತ್ತಿರ ಕೇಳಿ ಬರ್ತದಾ?" ಅಂದೆ.

ನಿನ್ನೆಯೂ ನೆಬ್ಯುಲೈಸರ್ ಇಟ್ಟ ಮೇಲೆಯೇ ಮಗಳು ಮಲಗಿದ್ದು. ನನಗೆ ನಿದ್ದೆಯೇ ಇಲ್ಲ. ನನಗೆ ಬುದ್ಧಿ ಹೇಳು ಎಂದು ಅತ್ತೆ ನಿನಗೆ ಫೋನ್ ಮಾಡಬಹುದು. ಹೇಳುವುದಿದ್ದರೆ ಅವರ ಮಗನಿಗೇ ಹೇಳಲಿ. ಮಗುವಿನ ಪಾಸ್‌ಪೋರ್ಟ್ ನನ್ನ ದಿಂಬಿನಡಿ ಇದೆ.

ಮಗು ಎದ್ದಳು, ನಿಲ್ಲಿಸುತ್ತೇನೆ.
ಅಶ್ವಿತಾ