ಒಡತಿ ಮನೆಯಲ್ಲಿದ್ದಾಗ ಏರಿಸುವ ಬಾವುಟ

ಇನ್ವರ್‌ಟೋರನ್
24 ಆಗಸ್ಟ್ 1986, ಭಾನುವಾರ

ಮ್ಯಾಕ್‌ಟೋರನ್ ಕುಲದ ಹದಿನೈದನೆಯ ಒಡತಿಗೆ, ಮೂರು ನೀರುನಾಯಿಗಳ ಧ್ವಜದ ಏಕೈಕ ಹಕ್ಕುದಾರಳಿಗೆ, ಕಾಗದಪತ್ರಗಳ ಪ್ರಕಾರ ಇನ್ನೂ ನನ್ನ ಹೆಂಡತಿಯಾಗಿರುವ ಮಾರ್ಸಲಿಗೆ,

ನಿನ್ನ ವಾಟಿಯ ವಂದನೆಗಳು. ನಾನು ಕ್ಷೇಮ. ಮನೆಯ ಮಾಡು ಮೂರು ಕಡೆ ಸೋರುತ್ತಿದೆ, ಅದೂ ತನ್ನ ಮಟ್ಟಿಗೆ ಕ್ಷೇಮವೇ. ಕುಲದ ಕೂಟ ಮುಗಿದ ಮರುದಿನವೇ ನಿನ್ನ ಬದಲಿಗೆ ನಿಲ್ಲುವವನ ಬಾವುಟವನ್ನು ಇಸ್ತ್ರಿ ಮಾಡಿ, ವರದಿ ಬರೆದು, ಎಡಿನ್‌ಬರೋದ ನಿನ್ನ ವಿಳಾಸಕ್ಕೆ ಕಳಿಸಬೇಕು ಎಂಬುದು ನೀನೇ ಮಾಡಿದ ನಿಯಮ. ಈ ಸಲ ಎರಡು ವಾರ ತಡವಾಗಿದೆ. ಇಸ್ತ್ರಿಪೆಟ್ಟಿಗೆ ಕೆಟ್ಟಿತ್ತು ಎಂದು ಬರೆಯೋಣವೆಂದುಕೊಂಡೆ. ಇಸ್ತ್ರಿಪೆಟ್ಟಿಗೆ ಚೆನ್ನಾಗಿಯೇ ಇದೆ. ಬಾವುಟವನ್ನು ಪೊಟ್ಟಣ ಕಟ್ಟಲು ಕೈ ಬರಲಿಲ್ಲ, ಅಷ್ಟೇ.

ಯಾಕೆಂದರೆ ಅದರ ಜೊತೆ ನೀನು ಕಳಿಸಿದ ಚೀಟಿಯನ್ನು ಓದಿದ್ದೇನೆ. ಎರಡೇ ಸಾಲು. “ಮುಂದಿನ ವರ್ಷದಿಂದ ಇದನ್ನು ಫಾರ್ಕರ್‌ಗೆ ಕಳಿಸುತ್ತೇನೆ. ನಿನಗೂ ದಣಿವಾಗಿರಬೇಕು.” ನನಗೆ ದಣಿವಾಗಿದೆ ಎಂದು ನಿನಗೆ ಹೇಳಿದವರು ಯಾರು? ನಿನ್ನ ಅಪ್ಪ ತೀರಿಕೊಂಡ ವರ್ಷ, ಅವರ ಹಳೆಯ ಕಾಗದಗಳನ್ನು ಜೋಡಿಸಿ ಬರುತ್ತೇನೆಂದು ಹೋದವಳು ನೀನು. ಏಳು ವರ್ಷವಾಯಿತು. ಆ ಮನುಷ್ಯ ಬದುಕಿದ್ದಾಗ ವರ್ಷಕ್ಕೆ ಎರಡು ಕಾಗದವೂ ಬರೆಯುತ್ತಿರಲಿಲ್ಲ. ಆ ಕಾಗದಗಳು ಈಗ ತಾವೇ ಮರಿ ಹಾಕುತ್ತಿವೆಯೇನೋ. ಈ ಏಳು ವರ್ಷಗಳಲ್ಲಿ ನಿನ್ನ ಕೈಯಿಂದ ನನ್ನ ಕೈಗೆ ತಪ್ಪದೆ ಬಂದ ವಸ್ತು ಈ ಮೂರುಮೂಲೆಯ ಬಟ್ಟೆ ಒಂದೇ. “ನಾನಿಲ್ಲದಾಗ ಇವನೇ ನಾನು” ಎಂದು ಊರಿಗೆ ಸಾರುವ ಬಟ್ಟೆ. ಗಂಡಂದಿರಿಗೆ ಇದಕ್ಕಿಂತ ಕಡಿಮೆ ಪ್ರೇಮಪತ್ರಗಳೂ ಬರುತ್ತವೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಅದೂ ನಿನ್ನ ಚಿಕ್ಕಪ್ಪನ ಮಗನಿಗೆ.

ಇರಲಿ. ವರದಿಗೆ ಬರುತ್ತೇನೆ. ಒಂದು ತಪ್ಪೊಪ್ಪಿಗೆಯಿದೆ. ಫಾರ್ಕರ್ ನಿನಗೆ ಬರೆಯುವ ಮೊದಲು ನಾನೇ ಹೇಳುವುದು ಮೇಲು.

ಮದುವೆಯಾದ ಹೊಸತರಲ್ಲಿ ನೀನು ನನಗೆ ಬಾವುಟಗಳ ಪಾಠ ಹೇಳಿಕೊಟ್ಟಿದ್ದೆ: ಉದ್ದದ್ದು ಕುಲಕ್ಕೆ, ಚೌಕದ್ದು ಒಡತಿ ಮನೆಯಲ್ಲಿದ್ದಾಗ, ಮೂರುಮೂಲೆಯದ್ದು ಅವಳಿಲ್ಲದಾಗ. ಬಯಲುಸೀಮೆಯ ಫೈಫ್‌ನ ಬೇಕರಿಯವನ ಮಗನಾದರೂ ಬಾಯಿಪಾಠ ಒಪ್ಪಿಸಿದ್ದೆ. ಉದ್ದದ ನಿಶಾನೆಯನ್ನು ಕೂಟದ ಮುನ್ನಾದಿನ ಶುಕ್ರವಾರವೇ ಊಟದ ಮೇಜಿನ ಮೇಲೆ ಬಿಡಿಸಿದೆ. ನಾಲ್ಕು ಗಜದ ಆ ಬಟ್ಟೆಯಲ್ಲಿ ಮೂರನೆಯ ನೀರುನಾಯಿಯ ಬಾಲವನ್ನು ನುಸಿ ತಿಂದಿತ್ತು. ನಾನೇ ಹೊಲಿದೆ. ಈಗ ಆ ಪ್ರಾಣಿಗೆ ಬಾಲಕ್ಕಿಂತ ಹೊಲಿಗೆಯೇ ಉದ್ದ. “ಬಿಡೆವು” ಎಂಬ ನಿಮ್ಮ ಕುಲದ ಮಾತು ಮಾತ್ರ ಓರೆಪಟ್ಟಿಯ ಮೇಲೆ ಹೊಸದರಂತೆ ಹೊಳೆಯುತ್ತಿದೆ. ನುಸಿಗೂ ಅದನ್ನು ತಿನ್ನಲು ಧೈರ್ಯವಾಗಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮನೆಯ ಮೇಲಿನ ಕಂಬಕ್ಕೆ ಬಾವುಟ ಏರಿತು. ಏರಬಾರದಿತ್ತು. ನೀನಿಲ್ಲದಾಗ ಆ ಕಂಬ ಬೋಳಾಗಿಯೇ ಇರಬೇಕು. ಏರಿದ್ದು ಚೌಕದ್ದು.

ಎಂಟೂವರೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೆಳಗಿನ ಕೇರಿಯ ಡೋಲೀನಾ ಅಜ್ಜಿ. ಎಂಬತ್ತೆಂಟರ ಆ ಮುದುಕಿ ಗುಡ್ಡ ಹತ್ತಿ ಬಂದಿದ್ದಾಳೆ, ತಲೆಯ ಮೇಲೆ ಮದುವೆಗಳಿಗೆ ಮಾತ್ರ ಹೊರತೆಗೆಯುವ ಟೊಪ್ಪಿ, ಕೈಯಲ್ಲಿ ಬಟ್ಟೆ ಕಟ್ಟಿ ಬೇಯಿಸಿದ ಒಣದ್ರಾಕ್ಷಿಯ ಕಡುಬು.

“ಎಲ್ಲೋ ನಮ್ ಹುಡುಗಿ? ಕರಿ ಅವಳನ್ನ. ಬಿಸಿ ಆರಿದ್ರೆ ಇದು ಕಲ್ಲಾಗತ್ತೆ.”

“ಅಜ್ಜೀ, ಅದು ಏನಂದ್ರೆ...”

“ಸ್ನಾನಕ್ಕೆ ಹೋಗಿದಾಳಾ?”

ನಾನು “ಹೂಂ” ಎಂದೆ. ಮಾರ್ಸಲಿ, ಆ ಟೊಪ್ಪಿಯ ಎದುರು ನಿಂತು ನೀನಾದರೂ ಬೇರೆ ಏನು ಹೇಳುತ್ತಿದ್ದೆ?

ಅಜ್ಜಿ ಅಡುಗೆಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಅಷ್ಟರಲ್ಲಿ ಕಿಟಕಿಯ ಕೆಳಗೆ ಬ್ಯಾಗ್‌ಪೈಪ್ ಊದುವ ಲಾಕ್ಲನ್ ಬಂದು ನಿಂತ. ಆ ಹಟಮಾರಿ ಗೊತ್ತಲ್ಲ, ಒಡತಿ ಇಲ್ಲದೆ ಒಡತಿಯ ವಂದನೆಯ ರಾಗ ನುಡಿಸುವುದಿಲ್ಲವೆಂದು ಏಳು ವರ್ಷದಿಂದ ಚೀಲದಲ್ಲೇ ಗಾಳಿ ಹಿಡಿದಿಟ್ಟಿದ್ದ. ಅದೆಲ್ಲವನ್ನೂ ಒಂದೇ ಸಲ ಬಿಟ್ಟ. ಕಪಾಟಿನ ತಟ್ಟೆಗಳು ಅದುರಿದವು. ರಾಗ ಮುಗಿಯಿತು. ಕಿಟಕಿ ತೆರೆಯಲಿಲ್ಲ. ಅವನು ಮೊದಲಿನಿಂದ ಶುರುಮಾಡಿದ.

“ಇನ್ನೂ ಆಗ್ಲಿಲ್ವೇನೋ ಸ್ನಾನ? ಎಡಿನ್‌ಬರೋದಲ್ಲಿ ಅಷ್ಟೊಂದು ಕೊಳೆ ಅಂಟಿತ್ತಾ?” ಎಂದಳು ಅಜ್ಜಿ.

ಒಂಬತ್ತರ ಹೊತ್ತಿಗೆ ಅಂಗಳದಲ್ಲಿ ನಲವತ್ತು ಜನ. ಎಲ್ಲರ ಟೊಪ್ಪಿಯಲ್ಲೂ ಕುಲದ ಗುರುತಾದ ಜೌಗಿನ ಗಿಡದ ಹಸಿರು ಕುಡಿ. ಯಾರೋ ಮೀನು ತಂದಿದ್ದರು, ಯಾರೋ ಮೊಮ್ಮಗುವನ್ನು ತಂದಿದ್ದರು, ಹೆಸರಿಡಲು ಒಡತಿಯೇ ಬೇಕಂತೆ. ಜನರನ್ನು ಸೀಳಿಕೊಂಡು ಫಾರ್ಕರ್ ಅಡುಗೆಮನೆಗೆ ಬಂದ. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದವನಲ್ಲವೇ, ಬೆಂಕಿ ಹತ್ತುವ ಮೊದಲೇ ಅವನಿಗೆ ಹೊಗೆ ಕಾಣುತ್ತದೆ.

“ಭಾವ, ಮೇಲೆ ಹಾರ್ತಿರೋದು ಏನು ಅಂತ ನೋಡಿದೀರಾ? ಅಕ್ಕ ಮನೇಲಿಲ್ದೆ ಅದನ್ನ ಹಾರಿಸ್ಬಾರ್ದು. ಲಾಂಛನದ ಕೋರ್ಟಿಗೆ ಗೊತ್ತಾದ್ರೆ ದಂಡ ಬೀಳತ್ತೆ.”

“ಅಕ್ಕ ಇಲ್ಲ ಅಂತ ನಿನಗ್ಯಾರು ಹೇಳಿದ್ದು?”

ಅವನ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಒಂದು ಲೋಟ ಚಹಾ, ಒಂದು ತಟ್ಟೆ, ಒಂದು ಮೊಟ್ಟೆಯ ಸಿಪ್ಪೆ. ಅವನು ಅದನ್ನು ನೋಡಿ, ನನ್ನನ್ನು ನೋಡಿ, ದನಿ ಇಳಿಸಿದ. “ನಾನೇ ಹೋಗಿ ಹೇಳ್ಲಾ, ಭಾವ?”

ಅವನ ಬಗ್ಗೆ ನಾನು ಈವರೆಗೆ ಆಡಿದ ಮಾತುಗಳಲ್ಲಿ ಅರ್ಧವನ್ನು ಆ ಕ್ಷಣವೇ ಹಿಂತೆಗೆದುಕೊಂಡೆ. ಉಳಿದರ್ಧವನ್ನು ಅವನು ಕೂಟಕ್ಕೆಂದು ಕಟ್ಟಿಕೊಂಡು ಬಂದಿದ್ದ ಮಿರಮಿರ ಮಿಂಚುವ ಹೊಸ ಸೊಂಟಪಟ್ಟಿಗಾಗಿ ಇಟ್ಟುಕೊಂಡಿದ್ದೇನೆ.

ನಾನೇ ಹೊರಗಿನ ಮೆಟ್ಟಿಲ ಮೇಲೆ ಹೋಗಿ ನಿಂತೆ. “ಒಡತಿ ಬಂದಿಲ್ಲ. ನಾನು ತಪ್ಪು ಬಾವುಟ ಏರ್ಸಿದೆ. ನಾನು ಫೈಫ್‌ನೋನು” ಎಂದೆ.

ಲಾಕ್ಲನ್ ರಾಗವನ್ನು ನಡುವೆಯೇ ನಿಲ್ಲಿಸಿದ. ಚೀಲದಿಂದ ಗಾಳಿ ಹೋಗುವ ಸದ್ದು ಎಷ್ಟು ಹೊತ್ತು ಕೇಳುತ್ತದೆ ಎಂದು ನನಗೆ ತಿಳಿದಿರಲಿಲ್ಲ.

“ಫೈಫ್‌ನೋರಿಗೆ ಏನು ಗೊತ್ತಾಗತ್ತೆ, ಪಾಪ” ಎಂದು ಹಿಂದಿನಿಂದ ಯಾರೋ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಒಳಗೆ ಬಂದಾಗ ಡೋಲೀನಾ ಅಜ್ಜಿ ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

“ನೀನು ಹೂಂ ಅಂದ್ಯಲ್ಲೋ” ಎಂದಳು.

“ಹೌದು ಅಜ್ಜಿ.”

“ಕಡುಬು ಇಟ್ಕೋ. ಅವಳಿಗೆ ಕಳ್ಸು. ಕಲ್ಲಾದ್ರೂ ಪರ್ವಾಗಿಲ್ಲ, ಅವಳ ಹಲ್ಲು ಗಟ್ಟಿ.”

ಅದರ ಒಂದು ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಎಚ್ಚರ, ಅಜ್ಜಿಯ ಭವಿಷ್ಯವಾಣಿ ನಿಜವಾಗಿದೆ.

ಹತ್ತು ಗಂಟೆಗೆ ಚೌಕದ್ದನ್ನು ಇಳಿಸಿದೆ. ಹನ್ನೊಂದಕ್ಕೆ ದಿಬ್ಬದ ಮೇಲೆ ಉದ್ದದ್ದನ್ನು ನೆಟ್ಟು, ಪಕ್ಕದಲ್ಲಿ ಮೂರುಮೂಲೆಯದ್ದನ್ನು ಕಟ್ಟಿ, ಕೂಟವನ್ನು ವಿಧಿಪ್ರಕಾರ ನಡೆಸಿದೆ. ಮರದ ದಿಮ್ಮಿ ಎಸೆಯುವ ಪಂದ್ಯದಲ್ಲಿ ಅಂಚೆಯವನು ಗೆದ್ದ. ದಿಮ್ಮಿ ತೀರ್ಪುಗಾರರ ಡೇರೆಯ ಮೇಲೆ ಬಿದ್ದದ್ದರಿಂದ ವಾದಕ್ಕೆ ಯಾರೂ ಉಳಿದಿರಲಿಲ್ಲ. ಕೆನಡಾದಿಂದ ಬಂದ ದಂಪತಿ ನಿನ್ನ ಮುತ್ತಜ್ಜನ ದನ ಕದ್ದವರ ವಂಶದವರಂತೆ. ಕ್ಷಮೆ ಕೇಳಲೆಂದೇ ಅಷ್ಟು ದೂರ ಬಂದಿದ್ದರು. ಒಡತಿ ಇಲ್ಲ ಎಂದೆ. ಹಾಗಾದರೆ ನೀವೇ ಕ್ಷಮಿಸಿ ಎಂದರು. ಕ್ಷಮಿಸಿದೆ. ಆ ಅಧಿಕಾರ ನನಗೆ ಅಂದು ಸಂಜೆಯವರೆಗೆ ಇತ್ತು.

ವರದಿ ಇಷ್ಟೇ. ಬಾವುಟವನ್ನು ಎಂಟು ಮಡಿಕೆ ಮಾಡಿದ್ದೇನೆ. ಮುಂದಿನ ವರ್ಷ ಫಾರ್ಕರ್‌ಗೆ ಕಳಿಸುವಾಗ ಅಂಚಿನ ಗೊಂಡೆ ಸಡಿಲವಾಗಿದೆ ಎಂದು ಅವನಿಗೆ ಹೇಳು.

ದೇವರು ನಿನ್ನನ್ನು ಬೆಚ್ಚಗಿಡಲಿ. ಎಡಿನ್‌ಬರೋದ ಗಾಳಿ ಕಾಲಿನಿಂದ ಏರುತ್ತದೆ, ಉಣ್ಣೆಯ ಕಾಲುಚೀಲ ಮರೆಯಬೇಡ. ನಿನ್ನ ಕಣ್ಣಿಗೂ ನಿದ್ದೆಗೂ ಒಳ್ಳೆಯದಾಗಲಿ.

ನಿನ್ನ
ವಾಟಿ
(ಮಾಜಿ ಬದಲಿ)

ಮರೆತ ಮಾತು: ಮರೆತಿರಲಿಲ್ಲ. ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ.

ಬಾವುಟ ತಪ್ಪಿ ಏರಲಿಲ್ಲ. ಚೌಕಕ್ಕೂ ಮೂರುಮೂಲೆಗೂ ವ್ಯತ್ಯಾಸ ಬೇಕರಿಯವನ ಮಗನಿಗೆ ಚೆನ್ನಾಗಿ ಗೊತ್ತು. ನಿನ್ನ ಚೀಟಿ ಓದಿದ ಮೇಲೆ, ಒಂದು ಗಂಟೆಯಾದರೂ ನೀನು ಮನೆಯಲ್ಲಿದ್ದೀಯ ಎಂದು ಊರು ನಂಬಲಿ ಅನಿಸಿತು. ಊರು ನಂಬಿದರೆ ನನಗೂ ನಂಬಲು ಸುಲಭ.

ಇನ್ನೊಂದು. ದಿಬ್ಬದ ಮೇಲೆ ನಿಂತು ಒಡತಿಯ ಹಿರಿಯರ ಹದಿನಾಲ್ಕು ಹೆಸರು ಹೇಳುವ ಕೆಲಸವನ್ನು ಆರು ವರ್ಷವೂ ಫಾರ್ಕರ್‌ಗೆ ದಾಟಿಸಿದ್ದೆ. ಈ ಸಲ ನಾನೇ ಹೇಳಿದೆ. ಕೊನೆಯ ಸಲವಲ್ಲವೇ. ಹತ್ತು ಹೆಸರು ಸರಾಗವಾಗಿ ಬಂದವು. ಹನ್ನೊಂದನೆಯದು ಬರಲಿಲ್ಲ. ಅಪ್ಪ ಹೋದ ನಾಲ್ಕು ತಿಂಗಳಿಗೆ ನೀನು ಮೊದಲ ಸಲ ಆ ದಿಬ್ಬ ಹತ್ತಿ ನಿಂತಾಗ ಸಿಕ್ಕಿಕೊಂಡದ್ದೂ ಅಲ್ಲಿಯೇ. ಅಂದು ನಾನು ಪಕ್ಕದಿಂದ, “ಹನ್ನೊಂದ್ನೇ ತಾತ ಚಹಾಕ್ಕೆ ಹೋಗಿರ್ಬೇಕು, ಮುಂದಿನೋರನ್ನ ಕರಿ” ಎಂದೆ. ನಾನೂರು ಜನ ನಕ್ಕರು. ನೀನು ನನ್ನ ಕಡೆ ಒಂದು ಸಲ ನೋಡಿ ಇಳಿದು ಬಂದೆ. ಆ ದಿನದಿಂದ ಇಂದಿನವರೆಗೆ ನೀನು ಆ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ. ಅದೊಂದು ಒಳ್ಳೆಯ ತಮಾಷೆಯಾಗಿತ್ತು ಎಂದು ಬಹಳ ದಿನ ನಂಬಿದ್ದೆ.

ಈ ಸಲ ನಾನು ನಿಂತಾಗ ಯಾರೂ ನಗಲಿಲ್ಲ. ಡೋಲೀನಾ ಅಜ್ಜಿ ಕೆಳಗಿನಿಂದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಆ ಹೆಸರನ್ನು ಎತ್ತಿಕೊಟ್ಟಳು. ನಾನು ಮುಂದೆ ಹೇಳಿ ಮುಗಿಸಿದೆ. ಅಂದು ನಾನು ಮಾಡಬೇಕಿದ್ದದ್ದು ಅಷ್ಟೇ ಆಗಿತ್ತು.

ಮಾರ್ಸಲಿ, ಹನ್ನೊಂದನೆಯವನ ಹೆಸರು ಗಿಲ್ಲೆಸ್ಪಿ.